ಮಡಚುವ ಕ್ಯಾಮೆರಾದ ಕಾಕಾ

ಭಾನುವಾರ ಬಂತೆಂದರೆ ಕೆಳಗಿನ ಮನೆ ಕಾಕಾ ಅವರ ಕೊರಳಲ್ಲಿ ದರ್ಜಿಯ ಟೇಪು ಜೋತುಬಿದ್ದಿರುತ್ತಿತ್ತು. ಹಳದಿ ಬಣ್ಣದ್ದು, ತುದಿಯ ತಗಡು ಕಿತ್ತುಹೋಗಿತ್ತು. ನಾಸಿಕಕ್ಕೆ ಬಂದ ಹೊಸತರಲ್ಲಿ ಅದನ್ನು ನೋಡಿ ನಾನು, ರವಿಕೆ ಹೊಲಿದುಕೊಡುತ್ತೀರಾ ಎಂದು ಕೇಳಿಬಿಟ್ಟಿದ್ದೆ. ಅವರು ನಗಲಿಲ್ಲ. ಅಂಗಳದ ತುಳಸಿಕಟ್ಟೆ ತೋರಿಸಿ, "ಇಲ್ಲಿಂದ ಅದು ಎಷ್ಟ ಫೂಟ ಐತಿ?" ಎಂದರು.

"ಅಂದಾಜು ಹತ್ತು ಇರಬೇಕ್ರಿ."

"ಅಂದಾಜು ಅನಬ್ಯಾಡ. ಅಂಕಿ ಹೇಳು."

ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಮೂರು ಸಲ ಹಿಡಿದು ಅಳೆದರು. ಹದಿಮೂರೂವರೆ ಬಂತು. "ನಿನ್ನ ಫೋಟೋದಾಗ ತುಳಸವ್ವನ ಬದಲು ಮುಂದಿನ ಹುಲ್ಲು ಚಲೋ ಕಾಣ್ತದ ಬಿಡು" ಎಂದು ಒಳಗೆ ಹೋದರು. ನಮ್ಮ ಪರಿಚಯ ಆದದ್ದು ಹೀಗೆ.

ಎಂಬತ್ತರ ದಶಕದ ಕೊನೆ ಅದು. ನಾನು ಗದಗದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಹೋದವಳು, ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಕಾ ವಿಜಾಪುರದ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ನಾಸಿಕದಲ್ಲೇ ಕಳೆದಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಅವರ ಹೆಂಡತಿ ಕಾಕು ಮತ್ತು ಅದೊಂದು ಮಡಚುವ ಕ್ಯಾಮೆರಾ. ಮುಚ್ಚಿದರೆ ದಪ್ಪ ಡೈರಿಯಷ್ಟು. ಗುಂಡಿ ಒತ್ತಿದರೆ ಮುಚ್ಚಳ ಬಿದ್ದು, ಹಾರ್ಮೋನಿಯಂನ ತಿದಿಯ ಹಾಗೆ ಮಡಿಕೆಯಾದ ಕಪ್ಪು ಚರ್ಮ ಲೆನ್ಸನ್ನು ಹೊತ್ತುಕೊಂಡು ಮುಂದೆ ಬರುತ್ತಿತ್ತು. ಅಗಲ ಫಿಲಂ, ಒಂದು ಸುರುಳಿಗೆ ಹನ್ನೆರಡೇ ಫೋಟೋ. ದೂರವನ್ನು ಕಣ್ಣಿನಿಂದಲೇ ಅಳೆದು ಲೆನ್ಸಿನ ಅಂಕಿಗೆ ಹೊಂದಿಸಬೇಕು. ಟೇಪಿನ ಗುಟ್ಟು ಅದು: ವಾರಕ್ಕೊಮ್ಮೆ ಕಣ್ಣಿಗೆ ತಾಲೀಮು.

ಹಳೆಯ ಕ್ಯಾಮೆರಾ ಕೊಳ್ಳುವವರು ಅವರನ್ನು ಬಜಾರಿಗೆ ಕರೆದೊಯ್ಯುತ್ತಿದ್ದರು. ನಾನೂ ಒಮ್ಮೆ ಬಾಲ ಹಿಡಿದಿದ್ದೆ. ಎಲ್ಲರೂ ಲೆನ್ಸಿನ ಹೊಳಪು ನೋಡುವಾಗ ಕಾಕಾ ಲೆನ್ಸನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹಿಂಬದಿ ತೆಗೆದು, ಒಳಗೆ ಸಣ್ಣ ಬ್ಯಾಟರಿ ಹೊತ್ತಿಸಿಟ್ಟು, ಕಾಕುವಿನ ಕರಿ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಹೋಗುವವರು ಬರುವವರು ನಿಂತು ನೋಡಿದರು. ಅಂಗಡಿಯವನು "ಕಾಕಾ, ಏಕ್‌ದಮ್ ಮಸ್ತ್ ಆಹೆ" ಎನ್ನುತ್ತಲೇ ಇದ್ದ. ಶಾಲಿನೊಳಗಿಂದ ಉತ್ತರ ಬಂತು: "ನಾಲ್ಕು ತೂತು. ಮೂಲೆಯಾಗ ಎರಡು, ನಡುವ ಎರಡು." ಚರ್ಮದ ಮಡಿಕೆಯ ತೂತಿನಿಂದ ಅಷ್ಟು ಬೆಳಕು ಒಳಬಂದರೆ ಫಿಲಂ ಹಾಳು. ಅದು ಬಿಟ್ಟು ಇನ್ನೊಂದು, ಅದು ಬಿಟ್ಟು ಮತ್ತೊಂದು. ಆ ದಿನ ಯಾರೂ ಏನೂ ಕೊಳ್ಳಲಿಲ್ಲ, ಶಾಲು ಮಾತ್ರ ಧೂಳು ಹಿಡಿಯಿತು.

ಅವರ ಮನೆಯ ಆಲ್ಬಂ ಬಗ್ಗೆ ಕಾಕುವಿಗೆ ಒಂದು ತಕರಾರಿತ್ತು. ತ್ರ್ಯಂಬಕೇಶ್ವರದ ಮೆಟ್ಟಿಲ ಮೇಲೆ ಕಾಕು ಒಬ್ಬರೇ. ಗೋದಾವರಿ ಘಾಟಿನಲ್ಲಿ ಕಾಕು ಒಬ್ಬರೇ. ಸಟಾಣಾದ ದಾಳಿಂಬೆ ತೋಟದಲ್ಲಿಯೂ ಒಬ್ಬರೇ. "ಇದನ್ನ ನೋಡಿದವರು, ಈ ಹೆಣ್ಮಗಳಿಗೆ ಗಂಡನ ಇಲ್ಲೇನೋ, ಪಾಪ ಒಬ್ಬಾಕೀನ ಊರೂರು ತಿರುಗ್ತಾಳ ಅಂತಾರ" ಎಂದು ನನಗೆ ಹೇಳಿ, ಗಂಡನಿಗೆ ಕೇಳಿಸುವಂತೆ ಆಲ್ಬಂ ಮುಚ್ಚಿದರು. ಮದುವೆಯಲ್ಲಿ ಅವರು ಫೋಟೋ ತೆಗೆಸಿರಲಿಲ್ಲ. ಆಮೇಲೆ ಕಾಕಾ ಕ್ಯಾಮೆರಾದ ಹಿಂದೆ ಹೋದವರು ಮುಂದೆ ಬರಲೇ ಇಲ್ಲ, ಬೇರೆಯವರ ಕೈಗೆ ಅದನ್ನು ಕೊಡಲು ಜೀವ ಒಪ್ಪುತ್ತಿರಲಿಲ್ಲ. ಕಾಕು ಕೇಳುತ್ತಿದ್ದದ್ದು ಒಂದೇ ಫೋಟೋ, ಇಬ್ಬರೂ ಇರುವಂಥದ್ದು.

ಆ ಕೆಲಸಕ್ಕೆ ಕಾಕಾ ನನ್ನನ್ನು ತಯಾರು ಮಾಡಲು ಹೊರಟರು. ಎರಡು ವರ್ಷ ಭಾನುವಾರಗಳಲ್ಲಿ ಬಾವಿ, ಗೇಟು, ಎದುರು ಮನೆಯ ಸ್ಕೂಟರು ಎಲ್ಲದರ ಅಂಕಿ ಹೇಳಿದೆ. ತಪ್ಪು ಅರ್ಧ ಫೂಟಿಗೆ ಇಳಿದಾಗ ಕ್ಯಾಮೆರಾ ನನ್ನ ಕೈಗೆ ಬಂತು. ಒಂದು ವಿಷಯದಲ್ಲಿ ಮಾತ್ರ ನಾವು ಕೊನೆಯವರೆಗೂ ಒಪ್ಪಲಿಲ್ಲ. ಊರಿನಲ್ಲಿ ಅಣ್ಣನ ಡಬ್ಬಿ ಕ್ಯಾಮೆರಾದಲ್ಲಿ ಕಲಿತವಳು ನಾನು, ಫೋಟೋ ತೆಗೆದ ಕೂಡಲೇ ಫಿಲಂ ಮುಂದಕ್ಕೆ ತಿರುಗಿಸುತ್ತಿದ್ದೆ. ಕಾಕಾ ಹಾಗಲ್ಲ. ಕ್ಯಾಮೆರಾ ತೆರೆಯುವಾಗ ಮಡಿಕೆ ಗಾಳಿ ಎಳೆದು ಫಿಲಂ ಉಬ್ಬುತ್ತದೆ, ಅದಕ್ಕೇ ಮೊದಲು ತೆರೆಯಬೇಕು, ಆಮೇಲೆ ತಿರುಗಿಸಬೇಕು, ಆಮೇಲೆ ತೆಗೆಯಬೇಕು ಎಂಬುದು ಅವರ ಕ್ರಮ. ಇಬ್ಬರದೂ ಸರಿಯೇ, ಒಂದು ಸುರುಳಿ ಒಬ್ಬರ ಕೈಯಲ್ಲೇ ಇರುವವರೆಗೆ.

ನನಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಅದಕ್ಕೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಆ ಚಳಿಗಾಲದಲ್ಲಿ ಇಬ್ಬರೂ ನನ್ನಲ್ಲಿಗೆ ಬಂದರು. ವೇರೂಳದ, ಅಂದರೆ ಎಲ್ಲೋರಾದ, ಗುಹೆಗಳಲ್ಲಿ ಕಾಕುವಿನ ಹತ್ತು ಒಂಟಿ ಫೋಟೋ ಆದವು. ಹನ್ನೊಂದನೆಯದನ್ನು ಕಲ್ಲಿನ ಆನೆಯ ಎದುರು ಕಾಕುವನ್ನು ನಿಲ್ಲಿಸಿ ತೆಗೆದು, ಕಾಕಾ ತೆರೆದ ಕ್ಯಾಮೆರಾವನ್ನು ನನ್ನ ಕೈಗಿಟ್ಟರು. ಹೋಗಿ ಕಾಕುವನ್ನು ಕೂರಿಸಿ ಪಕ್ಕದಲ್ಲಿ ತಾವೂ ಕೂತರು. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಆ ಮನುಷ್ಯ ನಾಚಿದ್ದನ್ನು ನಾನು ಅವತ್ತೇ ನೋಡಿದ್ದು.

"ಎಷ್ಟು?" ಎಂದು ಅಲ್ಲಿಂದಲೇ ಕೇಳಿದರು.

"ಒಂಬತ್ತು ಫೂಟ್ರಿ."

"ಬರೋಬರ್."

ಒತ್ತಿದೆ. ಕಾಕು ಸೆರಗಿನಲ್ಲಿ ಬೆವರು ಒರೆಸಿಕೊಂಡು "ಮುಗೀತಲ್ಲ" ಎಂದರು.

ಕಾಕಾ ನಾಸಿಕಕ್ಕೆ ಹೋಗಿ ಕ್ಯಾಮೆರಾ ತೆರೆದರೆ ಇನ್ನೂ ಒಂದು ಫೋಟೋ ಉಳಿದಿತ್ತು. ಲೆಕ್ಕ ತಪ್ಪುವವರಲ್ಲ ಕಾಕಾ. ಫಿಲಂ ತೊಳೆದ ಮೇಲೆ ತಿಳಿಯಿತು. ತೆಗೆದವರೇ ತಿರುಗಿಸಿರುತ್ತಾರೆ ಎಂದು ನಾನು ಅಂದುಕೊಂಡಿದ್ದೆ, ತೆಗೆಯುವವಳು ತಿರುಗಿಸಿಕೊಳ್ಳುತ್ತಾಳೆ ಎಂದು ಅವರು. ಯಾರೂ ತಿರುಗಿಸಿರಲಿಲ್ಲ. ಕಾಕು ಒಬ್ಬರೇ ನಿಂತ ಫೋಟೋದ ಮೇಲೆಯೇ ಇಬ್ಬರೂ ಕೂತ ಫೋಟೋ ಬಿದ್ದಿತ್ತು. ನಿಂತ ಕಾಕುವಿನ ಸೀರೆ ಕಾಕಾ ಅವರ ಅರ್ಧ ಮುಖವನ್ನು ಮುಚ್ಚಿತ್ತು. ಉಳಿದದ್ದು ಒಂದು ಕಣ್ಣು, ಅರ್ಧ ಮೀಸೆ.

ಕಾಕಾ ಪತ್ರ ಬರೆದು ತಿಳಿಸಿದರು. ರಜೆ ಹಾಕಿ ನಾಸಿಕಕ್ಕೆ ಹೋದೆ. ಕಾಕು ಫೋಟೋ ಹಿಡಿದು, "ಇಷ್ಟ ವರ್ಷಕ್ಕ ಒಮ್ಮೆ ಬಂದು ಕೂತ್ರು, ಅಲ್ಲೂ ನಾನ ಅಡ್ಡ ನಿಂತೀನಿ ನೋಡು" ಎಂದು ನಕ್ಕರು. ಕಾಕಾ ನನಗೆ ತಪ್ಪಾಯಿತು ಎನ್ನಲೂ ಬಿಡಲಿಲ್ಲ. "ತಪ್ಪು ನಂದು. ಕೊಡಾವ ತಿರುಗಿಸೀನೋ ಇಲ್ಲೋ ಹೇಳಿ ಕೊಡಬೇಕು. ತಗೊಳ್ಳಾವ 'ಆತು' ಅನ್ನೂತನಕ ಕೈ ಬಿಡಬಾರದು." ಅವತ್ತಿನಿಂದ ಅದು ಮನೆಯ ಕಾನೂನಾಯಿತು. ಕ್ಯಾಮೆರಾವನ್ನು ಕಪಾಟಿನಲ್ಲಿಡಲು ಕಾಕುವಿನ ಕೈಗೆ ಕೊಡುವಾಗಲೂ "ತಿರುಗಿಸಿಲ್ಲ" ಎನ್ನುತ್ತಿದ್ದರು. ಕಾಕು ಹಿಟ್ಟಿನ ಕೈಯಲ್ಲೇ "ಆತ್ರಿ" ಎನ್ನಬೇಕು. ದೀಪಾವಳಿಗೆ ಮತ್ತೆ ಬರುತ್ತೇವೆ, ಅದೇ ಆನೆಯ ಎದುರು ಕೂರುತ್ತೇವೆ ಎಂದು ಮಾತಾಯಿತು.

ದೀಪಾವಳಿಯವರೆಗೆ ಕಾಕಾ ಇರಲಿಲ್ಲ. ಶ್ರಾವಣದ ಒಂದು ಬೆಳಗ್ಗೆ ಕಚೇರಿಗೆ ಹೊರಟು ಬೂಟು ಕಟ್ಟುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ನಾನು ಹೋದಾಗ ಕಾಕುವಿನ ತಮ್ಮ ಹಾರ ತಂದಿಟ್ಟುಕೊಂಡು ಫೋಟೋ ಹುಡುಕುತ್ತಿದ್ದ. ಇಡೀ ಆಲ್ಬಂನಲ್ಲಿ ಅವರಿರಲಿಲ್ಲ. ಗುರುತಿನ ಚೀಟಿಯಲ್ಲಿ ಅಂಚೆಚೀಟಿಯಷ್ಟು ಮುಖ, ಅದರ ಮೇಲೂ ಸೀಲು. ಕಾಲವೆಲ್ಲ ಕ್ಯಾಮೆರಾ ಹಿಡಿದಿದ್ದ ಮನುಷ್ಯನಿಗೆ ಗೋಡೆಯ ಮೇಲೆ ಒಂದು ಮುಖವಿರಲಿಲ್ಲ. ಒಂದು ಸಲ ನಾನು ಫಿಲಂ ತಿರುಗಿಸಿದ್ದರೆ ಇರುತ್ತಿತ್ತು. ಆ ಸಂಕಟ ಈಗಲೂ ಹೋಗಿಲ್ಲ.

ಕಾಕು ಎದ್ದು ಹೋಗಿ ಆ ಕೆಟ್ಟ ಫೋಟೋ ತಂದು ದೀಪದ ಹತ್ತಿರ ಇಟ್ಟರು. ಅವರ ತಮ್ಮ ಹಾರ ಎತ್ತಿಕೊಂಡ. ಕಾಕು ಅವನ ಕೈ ತಡೆದರು. "ಹಾರ ಬ್ಯಾಡ. ಇದರಾಗ ನಾನೂ ಅದೀನಿ, ಒಂದಲ್ಲ, ಎರಡು. ಜೀವಂತ ಇದ್ದಾಕಿಗೆ ಹಾರ ಹಾಕ್ತಾರೇನು?" ಹಾಗಾಗಿ ಆ ಮನೆಯಲ್ಲಿ ಕಾಕಾ ಅವರ ಫೋಟೋಕ್ಕೆ ಯಾವತ್ತೂ ಹಾರ ಬೀಳಲಿಲ್ಲ. ಬಂದವರಿಗೆ ಅವರು ಹೋದದ್ದು ಗೊತ್ತಾಗುತ್ತಲೂ ಇರಲಿಲ್ಲ.

ನಾನು ಹೊರಡುವ ದಿನ ಕಾಕು ಕಪಾಟಿನಿಂದ ಕ್ಯಾಮೆರಾ ತೆಗೆದರು. ಬೇಡವೆಂದೆ. ಫೋಟೋ ಕೆಟ್ಟದ್ದು ನನ್ನ ಕೈಯಿಂದಲೇ, ನನಗೇಕೆ ಎಂದೆ. ಅವರು ಕೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನನ್ನ ಅಂಗೈ ಮೇಲಿಟ್ಟರು, ಆದರೆ ಬಿಡಲಿಲ್ಲ.

"ತಿರುಗಿಸಿಲ್ಲವ್ವಾ" ಎಂದರು.

ಕಾಕು ಹಿಡಿದೇ ನಿಂತಿದ್ದರು. ನಾನು ಇನ್ನೊಂದು ಕೈಯನ್ನೂ ಅದರ ಕೆಳಗೆ ಕೊಟ್ಟು "ಆತ್ರಿ" ಅಂದೆ. ಆಗ ಕೈ ಬಿಟ್ಟರು.