ಕೋಳಿ ಹಾಡಿದ ಬೀಗರ ಹಾಡು

ಬೈರಮ್ಮನವರು ಹಾಡಲು ಗಂಟಲು ಸರಿಮಾಡಿಕೊಂಡರೆ ಸಾಕು, ಚಿಕ್ಕಲಸಂದ್ರದ ಗಂಡಸರು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಆಡಿಕೊಂಡು ಬೀಗರ ಹಾಡು ಹಾಡುತ್ತಾರಲ್ಲ, ಅದರಲ್ಲಿ ಆ ಸುತ್ತಿನ ಹಳ್ಳಿಗಳಲ್ಲೇ ಅವರನ್ನು ಮೀರಿಸುವವರಿರಲಿಲ್ಲ. ಯಾರ ಹೊಟ್ಟೆ, ಯಾರ ಬೋಳುತಲೆ, ಯಾರು ಯಾರ ಹಿತ್ತಲಲ್ಲಿ ಸಿಕ್ಕಿಬಿದ್ದರು, ಎಲ್ಲವೂ ರಾಗವಾಗಿ ಬರುತ್ತಿತ್ತು. ಎಲೆಯ ಮುಂದೆ ಕೂತ ಬೀಗರು ನಗಲೇಬೇಕು. ಕೋಪ ಬಂದರೂ ನುಂಗಿಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬೇಕು. ಅದು ಪದ್ಧತಿ.

ಅವರು ನನ್ನ ಮನೆ ಓನರ್. ಅವರ ರಾಗಿ ಹೊಲವನ್ನು ಸರ್ಕಾರ ಕುಮಾರಸ್ವಾಮಿ ಲೇಔಟಿಗೆ ತೆಗೆದುಕೊಂಡ ಮೇಲೆ ಉಳಿದ ಜಾಗದಲ್ಲಿ ಕಟ್ಟಿಸಿದ ವಠಾರದ ಕೊನೆಯ ಮನೆಯಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಬಾಡಿಗೆ ಒಂದು ದಿನ ತಡವಾದರೆ ಅದಕ್ಕೂ ಒಂದು ಹಾಡು ಕಟ್ಟಿ ಬಾಗಿಲಲ್ಲಿ ನಿಂತು ಹಾಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ನಗುವೂ ಬರುತ್ತಿತ್ತು. ಆದರೆ ಆ ಬಾಯಿಯಿಂದಲೇ ಮಗಳು ಉಮಾಮಹೇಶ್ವರಿಗೆ ಕೂಡಿಬಂದಿದ್ದ ಒಂದು ಸಂಬಂಧ ಮುರಿದುಹೋಗಿತ್ತು. ಯಾರದೋ ಮದುವೆಯಲ್ಲಿ ಇವರ ಹಾಡು ಕೇಳಿದ್ದ ಗಂಡಿನ ಸೋದರತ್ತೆ, 'ಇಂಥ ಬಾಯಿಯವಳ ಮಗಳು ನಮ್ಮ ಮನೆಗೆ ಬೇಡ' ಎಂದು ಹೇಳಿಕಳಿಸಿದಳು. ಉಮಾ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಅಲ್ಲಿಂದ ಬೈರಮ್ಮ ಯಾವ ಮದುವೆಯಲ್ಲೂ ಬಾಯಿ ಬಿಡಲಿಲ್ಲ. ಹಾಡಲು ಕರೆದರೆ ಗಂಟಲು ನೋವು ಎನ್ನುತ್ತಿದ್ದರು.

ಆಗ ನಾನು ಜಯನಗರದಲ್ಲಿ ಜಯದೇವಪ್ಪ ಎಂಬವರ ಕಾರ್ಟೂನ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದೆ. ಸ್ಟುಡಿಯೋ ಎಂದರೆ ಬಟ್ಟೆ ಅಂಗಡಿಯ ಮೇಲಿನ ಎರಡು ರೂಮು. ಅವರು ಚಿತ್ರ ಬರೆಯುವುದು, ನಾವು ಮೂರು ಜನ ಹೆಂಗಸರು ಅದನ್ನು ಪ್ಲಾಸ್ಟಿಕ್ ಹಾಳೆಗೆ ಇಳಿಸಿ ಬಣ್ಣ ತುಂಬುವುದು, ಆಮೇಲೆ ಒಂದೊಂದೇ ಹಾಳೆಯನ್ನು ಕ್ಯಾಮೆರಾದ ಕೆಳಗಿಟ್ಟು ತೆಗೆಯುವುದು. ಥಿಯೇಟರಿನಲ್ಲಿ ಇಂಟರ್ವಲ್‌ಗೆ ಹಾಕುವ ಹಲ್ಲುಪುಡಿ, ಸೋಪಿನ ಜಾಹೀರಾತುಗಳೇ ನಮ್ಮ ಅನ್ನ. ೧೯೮೬ರಲ್ಲಿ ಟಿ.ವಿ.ಯ ಮಕ್ಕಳ ಕಾರ್ಯಕ್ರಮಕ್ಕೆಂದು ಒಂದು ಪುಟ್ಟ ಕಾರ್ಟೂನ್ ಮಾಡಿಕೊಡುವ ಅವಕಾಶ ಬಂತು. ಕೋಳಿಗಳ ಮದುವೆಯ ಕಥೆ. ಊಟದ ಪಂಕ್ತಿಯಲ್ಲಿ ಮುದಿ ಹೇಂಟೆಯೊಂದು ಬೀಗರ ಹಾಡು ಹಾಡಬೇಕು. ನಮ್ಮ ಓನರಮ್ಮ ಹಾಡುತ್ತಾರೆ ಎಂದು ನಾನೇ ಹೇಳಿದೆ.

ಬೈರಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ, "ಕೋಳಿ ಹಾಡಿದ್ರೆ ಮನುಷ್ಯರಿಗೇನಂತೆ ಬಿಡು" ಎಂದು ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. ಜಯದೇವಪ್ಪ ತಾವೇ ಬರೆದ ಹಾಡು ಕೊಟ್ಟರು. ಬೀಗರೇ ಬನ್ನಿ, ಪಾಯಸ ತಿನ್ನಿ ಎಂಬಂಥದ್ದು. ಬೈರಮ್ಮ ಅದನ್ನು ಒಂದು ಸಲ ಓದಿಸಿಕೊಂಡು ಕೇಳಿ ಮುಖ ಸಿಂಡರಿಸಿದರು.

"ಇದೇನ್ ಸಾರ್, ಮದುವೆನೋ ಸ್ಕೂಲ್ ಪ್ರಾರ್ಥನೆನೋ?"

"ಮಕ್ಕಳು ನೋಡೋದಮ್ಮ."

"ಮಕ್ಕಳ ಪಕ್ಕದಲ್ಲಿ ಅವರಪ್ಪ ಅಮ್ಮನೂ ಕೂತಿರ್ತಾರಲ್ಲ. ಅವರೇನ್ ಪಾಪ ಮಾಡಿದಾರೆ?"

ಅಷ್ಟು ದಿನದಿಂದ ಕಟ್ಟಿಟ್ಟಿದ್ದ ಬಾಯಿ. ಮೈಕಿನ ಮುಂದೆ ನಿಂತು ಒಂದೇ ಉಸಿರಿಗೆ ಹಾಡಿಬಿಟ್ಟರು.

"ನಮ್ಮ ಬೀಗರು ಬಾಳ ಮಾನವಂತರಮ್ಮ,
ಹೊತ್ತು ಹುಟ್ಟೋ ಮುಂಚೆ ಬೇಲಿ ಹಾರ್ತಾರೆ.
ಆಚೆಮನೆ ಮರಿಗಳ ನೋಡಿ ಬನ್ನಿರಮ್ಮ,
ಎಲ್ಲಕ್ಕೂ ಬೀಗರ ಜುಟ್ಟೇ ಬಂದೈತೆ."

ಜಯದೇವಪ್ಪ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಕ್ಕಳಿಗೆ ಇದು ಕೋಳಿಮರಿಯ ಜುಟ್ಟು, ದೊಡ್ಡವರಿಗೆ ಏನು ಬೇಕೋ ಅದು. ಬೀಗ ಹುಂಜಕ್ಕೆ ಎಡಕ್ಕೆ ವಾಲಿದ ಕೆಂಪು ಜುಟ್ಟು ಬರೆದರು. ಪಕ್ಕದ ಮನೆಯ ಬೇಲಿಯಾಚೆ ಸಾಲಾಗಿ ಓಡುವ ಮರಿಗಳಿಗೂ ಎಡಕ್ಕೆ ವಾಲಿದ ಜುಟ್ಟೇ. ಅವಕ್ಕೆಲ್ಲ ಕೆಂಪು ತುಂಬಿದವಳು ನಾನು. ಟಿ.ವಿ.ಯವರು ಕಾರ್ಟೂನ್ ನೋಡಿ, ಹೇಂಟೆಯ ಹಣೆಗೆ ಕುಂಕುಮ ಯಾಕೆ ಎಂದು ಕೇಳಿದರಂತೆ. ಬೇರೇನೂ ಕೇಳಲಿಲ್ಲವಂತೆ.

ಇದೆಲ್ಲ ಆಗಿ ಕೆಲವು ತಿಂಗಳಿಗೆ ಹುಳಿಮಾವಿನ ತಿಮ್ಮರಾಯಪ್ಪನವರ ಮನೆಯಿಂದ ಉಮಾಗೆ ಸಂಬಂಧ ಬಂತು. ಹುಡುಗ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದ, ಮಾತು ಕಡಿಮೆ, ಉಮಾ ಕಾಫಿ ಕೊಟ್ಟಾಗ ತಲೆ ಎತ್ತಿ ನೋಡಿ ನಕ್ಕಿದ್ದ. ಅವಳು ಆವತ್ತಿನಿಂದ ಕೆಲಸ ಮಾಡುವಾಗಲೆಲ್ಲ ಏನೋ ಗುನುಗುತ್ತಿದ್ದಳು. ಬೈರಮ್ಮ ಹುಳಿಮಾವಿನಲ್ಲಿದ್ದ ತಮ್ಮ ನೆಂಟರಾದ ಸಪ್ಪಲಮ್ಮನ ಹತ್ತಿರ ವಿಚಾರಿಸಿಕೊಂಡು ಬಂದರು. ಬಂದವರು ತಮ್ಮ ಮನೆಗೂ ಹೋಗದೆ ನೇರವಾಗಿ ನನ್ನ ಹೊಸ್ತಿಲ ಮೇಲೆ ಕೂತರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಹುಡುಗ ಬಂಗಾರ ಅಂತೆ. ಅವರಮ್ಮ ಮಂಗಮ್ಮನೂ ಬಂಗಾರ ಅಂತೆ."

"ಮತ್ತೆ?"

"ಅಪ್ಪಂಗೆ ರೋಡಿನಾಚೆ ಇನ್ನೊಂದು ಸಂಸಾರ ಐತಂತೆ. ಆ ಮನೆ ಮಕ್ಕಳಿಗೆಲ್ಲ ಆವಯ್ಯಂದೇ ಮೂಗಂತೆ."

ನನಗೆ ನಗು ಬಂತು. ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಕಾರ್ಟೂನ್ ಇನ್ನೂ ಟಿ.ವಿ.ಯಲ್ಲಿ ಬಂದಿರಲಿಲ್ಲ. ಯಾವ ಭಾನುವಾರ ಬೇಕಾದರೂ ಬರಬಹುದಿತ್ತು. ಬೈರಮ್ಮನ ದನಿ ಎಂಥದ್ದೆಂದರೆ, ಸಾಲಿನ ಕೊನೆಯಲ್ಲಿ ಒಂದು ಎಳೆತ, ಆ ಎಳೆತದಲ್ಲಿ ಸಣ್ಣ ಬಿರುಕು. ಒಮ್ಮೆ ಕೇಳಿದವರು ಮರೆಯುವಂತಿರಲಿಲ್ಲ. ತಿಮ್ಮರಾಯಪ್ಪನವರಂತೂ ಹುಡುಗಿ ನೋಡಲು ಬಂದ ದಿನವೇ, "ನಿಮ್ಮ ಹಾಡು ಕೇಳಿದೀನಿ ಕಣಮ್ಮ, ನಮ್ಮ ಮದುವೇಲಿ ಸ್ವಲ್ಪ ಕನಿಕರ ಇರ್ಲಿ" ಎಂದು ತಮಾಷೆ ಮಾಡಿ ಹೋಗಿದ್ದರು.

"ಬೀಗರ ಹಾಡಿಗೆ ಯಾರೂ ಕೋಪ ಮಾಡ್ಕೊಳ್ಳಲ್ಲ ಅಂತೀರಲ್ಲ" ಎಂದೆ.

"ಬೀಗರಾದ ಮೇಲೆ ಕಣೇ. ಎಲೆ ಅಡಿಕೆ ಬದಲಾಯಿಸಿದ ಮೇಲೆ ಏನು ಹಾಡಿದ್ರೂ ತಮಾಷೆ. ಅದಕ್ಕೆ ಮುಂಚೆ ಹಾಡಿದ್ರೆ ಮನೆ ಮುಂದೆ ನಿಂತು ಬೈದಂಗೆ."

ಮರುದಿನವೇ ನನ್ನ ಜೊತೆ ಜಯನಗರಕ್ಕೆ ಬಂದು ಜಯದೇವಪ್ಪನವರ ಮುಂದೆ ಕೈಮುಗಿದರು. ಹಾಡು ತೆಗೆದುಬಿಡಿ ಎಂದರು. ಜಯದೇವಪ್ಪನವರಿಗೆ ನಿಜವಾಗಿಯೂ ಮನಸ್ಸು ಕರಗಿತು. ಆದರೆ ರೀಲು ಕೊಟ್ಟಾಗಿತ್ತು. ಯಾವತ್ತು ಹಾಕುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ. "ಹಾಕದೇನೂ ಇರಬಹುದು ಬಿಡಿ" ಎಂದು ಸಮಾಧಾನ ಹೇಳಿದರು. ಮೊದಲ ಕಾರ್ಟೂನ್ ಟಿ.ವಿ.ಯಲ್ಲಿ ನೋಡಲು ಹಂಬಲಿಸುತ್ತಿದ್ದ ಮನುಷ್ಯನಿಗೆ ಆ ಮಾತು ಹೇಳಲು ಎಷ್ಟು ಕಷ್ಟವಾಯಿತೋ.

ಆಮೇಲಿನ ಭಾನುವಾರಗಳ ಪಾಡು ಕೇಳಬೇಡಿ. ಸಿನಿಮಾಕ್ಕೆ ಮುಂಚೆ ಮಕ್ಕಳ ಕಾರ್ಯಕ್ರಮ ಬರುವ ಹೊತ್ತಿಗೆ ಬೈರಮ್ಮ ನಮ್ಮ ಮನೆಯ ಕಪ್ಪುಬಿಳುಪು ಟಿ.ವಿ.ಯ ಮುಂದೆ ಬಂದು ಕೂರುತ್ತಿದ್ದರು. ಸೆರಗಿನ ತುದಿ ಬಾಯಲ್ಲಿ. ಬೊಂಬೆಯಾಟ ಬಂದರೆ ಉಸಿರು ಬಿಡುತ್ತಿದ್ದರು. ಯಾವುದಾದರೂ ಕಾರ್ಟೂನ್ ಶುರುವಾಗಿ ನಾಯಿಯೋ ಬೆಕ್ಕೋ ಕಾಣುವವರೆಗೆ ನನ್ನ ಕೈ ಹಿಡಿದುಕೊಂಡಿರುತ್ತಿದ್ದರು, ಅವರ ಬಳೆ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. ಮುಗಿದ ಮೇಲೆ ಒಂದು ಚೊಂಬು ನೀರು ಕುಡಿದು ಎದ್ದು ಹೋಗುತ್ತಿದ್ದರು. ಉಮಾಗೆ ಇದಾವುದೂ ಗೊತ್ತಿರಲಿಲ್ಲ. ಅಮ್ಮನಿಗೆ ಈ ವಯಸ್ಸಿನಲ್ಲಿ ಟಿ.ವಿ. ಹುಚ್ಚು ಹಿಡಿದಿದೆ ಎಂದು ನಗುತ್ತಿದ್ದಳು. ಬೈರಮ್ಮನನ್ನು ಮೈಕಿನ ಮುಂದೆ ನಿಲ್ಲಿಸಿದವಳು ನಾನೇ. ಆ ಹುಡುಗಿಯ ಗುನುಗು ನಿಂತುಹೋದರೆ ನಾನು ಆ ವಠಾರದಲ್ಲಿ ಹೇಗಿರುವುದು?

ಎಲೆ ಅಡಿಕೆ ಶಾಸ್ತ್ರ ಬೇಗ ಮುಗಿಸೋಣ ಎಂದು ಬೈರಮ್ಮ ಅವಸರಪಡಿಸಿದರು. ತಿಮ್ಮರಾಯಪ್ಪನವರು ತಮ್ಮ ಮನೆಯಲ್ಲೇ ಭಾನುವಾರ ಇಟ್ಟುಕೊಳ್ಳೋಣ, ನೆಂಟರಿಗೆಲ್ಲ ರಜ ಇರುತ್ತದೆ ಎಂದರು. ಭಾನುವಾರ ಬೇಡ ಎನ್ನಲು ಬೈರಮ್ಮನಿಗೆ ಕಾರಣ ಹೊಳೆಯಲಿಲ್ಲ. ಮಧ್ಯಾಹ್ನವೇ ಮುಗಿಸಿಬಿಡಬೇಕು ಎಂದು ಹೇಳಿಸಿ, "ನೀನೂ ಬಾ, ನನ್ನ ಕೈಕಾಲು ಆಡಲ್ಲ" ಎಂದು ನನ್ನನ್ನೂ ಮೆಟಡೋರ್ ವ್ಯಾನ್ ಹತ್ತಿಸಿದರು. ಆ ಮೆಟಡೋರ್ ಬನ್ನೇರುಘಟ್ಟ ರಸ್ತೆಯಲ್ಲಿ ಕೆಟ್ಟು ನಿಂತಿತು. ಬೈರಮ್ಮನ ಯಜಮಾನರು, ಯಾವತ್ತೂ ಮಾತಾಡದ ಮನುಷ್ಯ, ಇಳಿದು ತಳ್ಳಿದರು. ಹುಳಿಮಾವು ಮುಟ್ಟುವಾಗ ನಾಲ್ಕೂವರೆ ದಾಟಿತ್ತು. ಭಾನುವಾರದ ರಾಹುಕಾಲ ಶುರುವಾಗಿತ್ತು.

"ಆರು ಗಂಟೆವರೆಗೂ ತಟ್ಟೆ ಮುಟ್ಟಂಗಿಲ್ಲ" ಎಂದರು ಅವರ ಕಡೆಯ ಹಿರಿಯರೊಬ್ಬರು.

ಎಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿದ್ದ ಎರಡು ತಟ್ಟೆಗಳು ಜಮಖಾನದ ಮೇಲೆ ಕಾದು ಕೂತವು. ನಾವೂ ಕೂತೆವು. ಗೋಡೆಯ ಪಕ್ಕ ಮೇಜಿನ ಮೇಲೆ ಹೊಸ ಕಲರ್ ಟಿ.ವಿ. ತಿಮ್ಮರಾಯಪ್ಪನವರು ಅದರ ಮೇಲಿನ ಕಸೂತಿ ಬಟ್ಟೆ ತೆಗೆದು ಸ್ವಿಚ್ ಹಾಕಿದರು.

"ಶುಭಕಾರ್ಯದ ಮನೇಲಿ ಅದ್ಯಾಕೆ, ಆರಿಸಿಬಿಡಿ" ಎಂದರು ಬೈರಮ್ಮ.

"ಮಕ್ಕಳು ನೋಡ್ಲಿ ಬಿಡಿ. ಆರರವರೆಗೂ ಹೊತ್ತು ಹೋಗ್ಬೇಕಲ್ಲ."

ದಿನಕ್ಕೆ ಹತ್ತು ಸಲ ಹೋಗುವ ಕರೆಂಟು ಆವತ್ತು ಹೋಗಲಿಲ್ಲ. ನಾನು ಮನಸ್ಸಿನಲ್ಲಿ ಕೆಇಬಿಯವರನ್ನು ಬೇಡಿಕೊಂಡೆ. ಪರದೆಯ ಮೇಲೆ ಚಪ್ಪರ ಮೂಡಿತು. ಕೆಳಗೆ ರೇಷ್ಮೆ ಉಟ್ಟ ಕೋಳಿಗಳು. ಬೈರಮ್ಮನ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು.

ಹೇಂಟೆ ಹಾಡತೊಡಗಿತು. ಮಕ್ಕಳು ಕೇಕೆ ಹಾಕಿದರು. ಹುಂಜ ಬೇಲಿ ಹಾರಿದಾಗ ಗಂಡಸರೂ ನಕ್ಕರು, ತಿಮ್ಮರಾಯಪ್ಪನವರು ತೊಡೆ ತಟ್ಟಿಕೊಂಡೇ ನಕ್ಕರು. ಮರಿಗಳು ಬಂದವು. ಒಂದರ ಹಿಂದೊಂದು, ನಾನು ಬಣ್ಣ ತುಂಬಿದ ಎಡಕ್ಕೆ ವಾಲಿದ ಜುಟ್ಟುಗಳು. ದೊಡ್ಡವರ ನಗು ಅಲ್ಲಲ್ಲೇ ನಿಂತಿತು. ಒಬ್ಬರು ಸೂರು ನೋಡಿದರು, ಇನ್ನೊಬ್ಬರು ಶರಟಿನ ಗುಂಡಿ ನೋಡಿಕೊಂಡರು. ಮದುವೆ ಹುಡುಗ ತಲೆ ತಗ್ಗಿಸಿದ. ಮಕ್ಕಳು ಮಾತ್ರ ನಗುತ್ತಲೇ ಇದ್ದವು.

ತಿಮ್ಮರಾಯಪ್ಪನವರು ಬೈರಮ್ಮನ ಕಡೆ ತಿರುಗಿದರು.

"ಇದು ನಿಮ್ಮ ದನಿಯಲ್ವಾ?"

ಅಲ್ಲ ಎನ್ನಬಹುದಿತ್ತು. ಅಲ್ಲ ಅನ್ನಿ ಎಂದು ನಾನು ಅವರ ಕೈ ಹಿಸುಕಿದೆ.

"ನಂದೇ" ಎಂದರು ಬೈರಮ್ಮ. "ನಿಮ್ಮನ್ನ ಕಾಣೋಕೆ ಮುಂಚೆ ಹಾಡಿದ್ದು. ದೇವರಾಣೆ."

"ನಮ್ಮನೆ ವಿಷಯ ಊರಿಗೆಲ್ಲ ಹಾಡ್ಕೊಂಡು ಬಂದಿದೀರಾ?"

ಅಲ್ಲಿಯವರೆಗೆ ಅದು ಯಾರ ಮನೆಯ ವಿಷಯ ಎಂದು ಯಾರೂ ಅಂದಿರಲಿಲ್ಲ. ಅಂದವರು ಅವರೇ. ಅದು ಅವರಿಗೂ ಗೊತ್ತಾಯಿತು, ಮುಖ ಇನ್ನೂ ಕೆಂಪಾಯಿತು. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಹೆಂಡತಿಯ ಕಡೆ ತಿರುಗಿ, "ತಟ್ಟೆ ಎತ್ತಿಡು ಒಳಗೆ" ಎಂದರು.

ಮಂಗಮ್ಮ ಸಣ್ಣ ಹೆಂಗಸು. ಕೈಗೆ ಹತ್ತಿದ್ದ ಕಡಲೆಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಂದರು, ಬಗ್ಗಿ ತಟ್ಟೆ ಎತ್ತಿಕೊಂಡರು. ಬೈರಮ್ಮ ಕಣ್ಣು ಮುಚ್ಚಿಕೊಂಡರು. ನನ್ನ ಕಣ್ಣಮುಂದೆ ಬಂದಿದ್ದು ಚಿಕ್ಕಲಸಂದ್ರದಲ್ಲಿ ಬಾಗಿಲು ಕಾಯುತ್ತಿದ್ದ ಉಮಾ. ಆದರೆ ಮಂಗಮ್ಮ ಒಳಗೆ ಹೋಗಲಿಲ್ಲ. ಜಮಖಾನ ದಾಟಿ ಬಂದು ತಟ್ಟೆಯನ್ನು ಬೈರಮ್ಮನ ಮಡಿಲಿಗೆ ಇಟ್ಟರು.

"ಅಮ್ಮಾ, ರಾಹುಕಾಲ ಇನ್ನೂ ಕಳೆದಿಲ್ಲ" ಎಂದರು ಹಿರಿಯರು.

"ಈ ಮನೇಗೆ ಕೆಟ್ಟ ಕಾಲ ಬಂದಿದ್ದು ಇವತ್ತಲ್ಲ ಬಿಡಿ ಮಾವ." ಮಂಗಮ್ಮ ಇನ್ನೊಂದು ತಟ್ಟೆಯನ್ನು ತಾವೇ ಎತ್ತಿಕೊಂಡು ಗಂಡನ ಕಡೆ ನೋಡಿದರು. "ಎಲೆ ಅಡಿಕೆ ಬದಲಾಯ್ತು. ಈಗ ಬೀಗರು. ಬೀಗಿತ್ತಿ ಹಾಡಿದ್ದಕ್ಕೆ ಯಾರೂ ಕೋಪ ಮಾಡ್ಕೊಳ್ಳಂಗಿಲ್ಲ."

ಬೈರಮ್ಮನ ಯಜಮಾನರು ಎದ್ದು ಮೆಲ್ಲಗೆ ಟಿ.ವಿ. ಆರಿಸಿದರು. ತಿಮ್ಮರಾಯಪ್ಪನವರು ಹೊರಗೆ ಹೋಗಿ ಜಗಲಿಯ ಮೇಲೆ ಒಬ್ಬರೇ ಕೂತರು, ಊಟಕ್ಕೆ ಕರೆದಾಗ ಬಂದರು. ಹೋಳಿಗೆ ಹಾಕಿದಾಗ ಬೇಡ ಎನ್ನಲಿಲ್ಲ.

ಹೊರಡುವಾಗ ಮಂಗಮ್ಮ ನಮಗೆ ಕುಂಕುಮ ಕೊಟ್ಟರು. ಬೈರಮ್ಮನ ಹಣೆಗೆ ಇಡುವಾಗ ಅವರ ಮುಖಕ್ಕೆ ಮುಖ ಹತ್ತಿರ ತಂದು, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದರು.

"ಮದುವೇಲಿ ಇನ್ನೊಂದ್ಸಲ ಹಾಡ್ತೀರಾ ಅಕ್ಕ? ನಾನು ಬೋಂಡಾ ಕರೀತಿದ್ದೆ, ನನಗೆ ಪೂರ್ತಿ ಕೇಳಿಸ್ಲಿಲ್ಲ."

ಊರಿನ ಬಾಯನ್ನೆಲ್ಲ ಮುಚ್ಚಿಸಿದ್ದ ಬೈರಮ್ಮ ಆ ಹೆಂಗಸಿನ ಕುಂಕುಮ ಮೆತ್ತಿದ ಕೈಗಳನ್ನು ಹಿಡಿದುಕೊಂಡು ಅತ್ತರು.