ಹೋಗ್ಯಾರ ಅಂದರೆ ಸತ್ತಾರ ಅಂತಲ್ಲ

ಬೆಳಗಿನ ಆರೂ ಇಪ್ಪತ್ತು. ಕಲಬುರಗಿಯಿಂದ ಬಂದ ಮೊದಲ ಬಸ್ಸು ಕಮಲಾಪುರದಲ್ಲಿ ನಿಂತು ಹುಮನಾಬಾದಿನ ಕಡೆ ಹೊರಡುತ್ತದೆ. ಇಳಿದವರು ಇಬ್ಬರೇ. ಒಬ್ಬ ಬಾಳೆಹಣ್ಣಿನ ವ್ಯಾಪಾರಿ. ಇನ್ನೊಬ್ಬರು ಸೀರೆಯ ಮೇಲೆ ಮಾಸಿದ ಸ್ವೆಟರ್ ತೊಟ್ಟು, ಕಿವಿ ಮುಚ್ಚುವಂತೆ ಸೆರಗು ಹೊದ್ದ ಐವತ್ತೇಳರ ಹೆಂಗಸು. ರಟ್ಟಿಗೆ ಕ್ಲಿಪ್ ಹಾಕಿದ ಮತದಾರರ ಪಟ್ಟಿ ಕೈಯಲ್ಲಿದೆ. ನವೆಂಬರ್ ಚಳಿಗೆ ಬೆರಳು ಮರಗಟ್ಟಿವೆ. ಆದರೂ ಏಳರೊಳಗೆ ಹತ್ತು ಮನೆಯಾದರೂ ಮುಗಿಯಬೇಕು. ಏಳಾದರೆ ಜನ ಹೊಲಕ್ಕೆ ಹೋಗಿಬಿಡುತ್ತಾರೆ.

ಮೊದಲ ಮನೆ ದೌಲಪ್ಪನದು. ಆತ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಾಗಿಲು ತೆಗೆಯುತ್ತಾನೆ.

"ದೌಲಪ್ಪ, ಸಣ್ಣ ಮಗ ಎಲ್ಲಿದ್ದಾನ?"

"ಪುಣೆಕ್ಕ ಹೋಗ್ಯಾನ್ರಿ ಬಾಯಾರ."

"ಹೋಗ್ಯಾನ ಅಂದ್ರ? ಕೆಲಸ ಮುಗಿಸಿ ಬರ್ತಾನೋ, ಅಲ್ಲೇ ಮನಿ ಮಾಡ್ಯಾನೋ?"

"ಬರ್ತಾನ್ರಿ. ಯುಗಾದಿಗಿ ಬರ್ತಾನ."

ಪೆನ್ಸಿಲ್ಲು ಆ ಹೆಸರಿನ ಮುಂದೆ ಸಣ್ಣ ಗುರುತು ಹಾಕುತ್ತದೆ. ಹೆಸರು ಉಳಿಯುತ್ತದೆ. ಒಳಗಿನಿಂದ ಹೊಸ ಸೊಸೆ ಇಣುಕುತ್ತಾಳೆ. ಆಕೆಯ ಹೆಸರು ಸೇರಿಸಬೇಕು. ಗಂಡನ ಹೆಸರು ಹೇಳೆಂದರೆ ಸೆರಗು ಬಾಯಿಗಿಟ್ಟು ನಗುತ್ತಾಳೆ. ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ಇಲ್ಲಿಲ್ಲ.

"ಇರಲಿ ಬಿಡವ್ವ, ಅದನ್ನ ನಿಮ್ಮತ್ತಿ ಹೇಳ್ತಾರ. ಮೊದಲ ನಿನ್ನ ಹೆಸರು ಹೇಳು. ವೋಟು ನಿಂದು" ಎನ್ನುತ್ತಾರೆ ತುಂಗಾಬಾಯಿ.

ತುಂಗಾಬಾಯಿ ಕಮಲಾಪುರದ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ. ಮನೆಯಲ್ಲಿ ಮರಾಠಿ, ಊರಲ್ಲಿ ಕನ್ನಡ. ಮತದಾರರ ಪಟ್ಟಿ ಪರಿಷ್ಕರಣೆಯ ಕೆಲಸ ಅವರ ಪಾಲಿಗೆ ಬಂದದ್ದು ೧೯೮೩ರಲ್ಲಿ. ಅಲ್ಲಿಂದ ಇಲ್ಲಿಗೆ ಇಪ್ಪತ್ತು ವರ್ಷ. ಈ ಸಲ ಅವರ ಭಾಗದಲ್ಲಿ ೨೩೬ ಮನೆ, ೧,೧೪೦ ಹೆಸರು. ಶಾಲೆಗೆ ಮುಂಚೆ ಹದಿನೈದು ಮನೆ, ಸಂಜೆ ಐದರ ಮೇಲೆ ಹತ್ತು. ಬೀಗ ಹಾಕಿದ ಮನೆಗೆ ಮೂರು ಸಲ ಹೋಗುತ್ತಾರೆ. ಯಾರೂ ಹೀಗೆ ಮಾಡೆಂದು ಹೇಳಿಲ್ಲ.

ಶಾಲೆಯೆದುರಿನ ಚಹಾದಂಗಡಿಯಲ್ಲಿ ಕೂತವರಿಗೆ ಅವರ ನೆನಪನ್ನು ಪರೀಕ್ಷಿಸುವುದೇ ಒಂದು ಆಟ. ಅಂಗಡಿಯ ದತ್ತಪ್ಪ ಪಟ್ಟಿ ತನ್ನ ಕೈಗೆ ತೆಗೆದುಕೊಂಡು, "ಮುನ್ನೂರಾ ಹನ್ನೆರಡು?" ಎನ್ನುತ್ತಾನೆ.

"ಅಕ್ಬರಿ ಬೇಗಂ. ವಯಸ್ಸು ಅರವತ್ತೊಂದು. ಮನಿ ಎಂಬತ್ನಾಲ್ಕು. ಎಡಗಣ್ಣಿಗೆ ಆಪರೇಶನ್ ಆಗ್ಯದ."

"ಕಣ್ಣಿಂದು ಇದರಾಗ ಬರದಿಲ್ಲರೀ!"

"ಪಟ್ಟಿಯಾಗ ಇಲ್ಲ, ನನಗ ಗೊತ್ತದ."

ದತ್ತಪ್ಪ ಇನ್ನೂ ಏಳೆಂಟು ಸಂಖ್ಯೆ ಕೂಗುತ್ತಾನೆ. ಒಂದೂ ತಪ್ಪುವುದಿಲ್ಲ. ಕೊನೆಗೆ ಆತ ಪಟ್ಟಿಯನ್ನು ಎರಡೂ ಕೈಯಿಂದ ಹಿಂತಿರುಗಿಸುತ್ತಾನೆ.

ಈ ನೆನಪಿನ ಹಿಂದೆ ಒಂದು ತಪ್ಪಿದೆ. ಅದನ್ನು ತುಂಗಾಬಾಯಿ ಮುಚ್ಚಿಡುವುದಿಲ್ಲ. ೧೯೮೫ರ ಚುನಾವಣೆಗೆ ಮುಂಚೆ ಮೆಹಬೂಬಿ ಎಂಬ ಕೂಲಿ ಹೆಂಗಸಿನ ಮನೆಗೆ ಹೋದರು. ಬೀಗ. ಪಕ್ಕದ ಮನೆಯಾಕೆಯನ್ನು ಕೇಳಿದರು. "ಆಕಿ ಹೋಗಿ ಮೂರು ತಿಂಗಳಾತ್ರಿ" ಎಂದಳು ಆಕೆ. ದಣಿದಿದ್ದ ತುಂಗಾಬಾಯಿ ಅಯ್ಯೋ ಪಾಪ ಎಂದುಕೊಂಡು ಹೆಸರಿನ ಮುಂದೆ 'ಮೃತ' ಎಂದು ಬರೆದರು. ಮೆಹಬೂಬಿ ಹೋಗಿದ್ದುದು ಕಲಬುರಗಿಯ ರೋಜಾ ಬಡಾವಣೆಗೆ, ಮಗಳ ಬಾಣಂತನಕ್ಕೆ.

ಮತದಾನದ ಮರುದಿನ ಶಾಲೆಯ ಬಾಗಿಲಲ್ಲಿ ಆಕೆಯೇ ಬಂದು ನಿಂತಳು. ಪಾಠ ನಡೆದಿತ್ತು.

"ಟೀಚರಬಾಯಿ, ನಾ ಯಾವಾಗ ಸತ್ತೀನ್ರಿ? ನನ್ನ ಮಯ್ಯತ್ ಯಾರು ಎತ್ತಿದ್ರು?"

ಮಕ್ಕಳು ಗೊಳ್ಳೆಂದು ನಕ್ಕರು. ಮೆಹಬೂಬಿ ನಗಲಿಲ್ಲ. ಅಷ್ಟು ದೂರದಿಂದ ಮತ ಹಾಕಲೆಂದೇ ಬಂದಿದ್ದಳು. ಸರತಿಯಲ್ಲಿ ಎರಡು ತಾಸು ನಿಂತ ಮೇಲೆ, ನೀನು ಸತ್ತಿದ್ದೀ ಎಂದು ವಾಪಸು ಕಳಿಸಿದ್ದರು. ತುಂಗಾಬಾಯಿ ತರಗತಿಯ ಎದುರಲ್ಲೇ ಕೈ ಮುಗಿದರು.

"ಆಕಿ ಬೈದಿದ್ರ ಚೊಲೊ ಇತ್ರಿ. ಬೈಲಿಲ್ಲ. 'ಜೀವ ಇದ್ದೀನಿ ಅಂತ ತೋರ್ಸಾಕ ನಾ ಏನು ಮಾಡಬೇಕು, ನೀವೇ ಹೇಳ್ರಿ' ಅಂದ್ಳು." ಎಂದು ಈಗ ನೆನೆಯುತ್ತಾರೆ ಅವರು.

ಅರ್ಜಿ ತಾವೇ ಬರೆದು, ಮುಂದಿನ ಪಟ್ಟಿಯಲ್ಲಿ ಮೆಹಬೂಬಿಯ ಹೆಸರು ಅಚ್ಚಾಗುವವರೆಗೆ ಬೆನ್ನು ಹತ್ತಿದರು. ಆ ದಿನದಿಂದ ಒಂದು ನೇಮ ಹಾಕಿಕೊಂಡರು. ಸತ್ತರೆಂದು ಯಾರೇ ಹೇಳಲಿ, ಅಕ್ಕಪಕ್ಕದ ಮೂರು ಮನೆ ವಿಚಾರಿಸಬೇಕು. ಮನೆಯವರ ಬಾಯಿಂದಲೇ ಸತ್ತ ದಿನ ಕೇಳಬೇಕು. ಅಲ್ಲಿಯವರೆಗೆ ಹೆಸರು ಮುಟ್ಟಬಾರದು.

ಆ ನೇಮಕ್ಕೆ ಕುತ್ತು ಬಂದದ್ದು ೧೯೯೪ರಲ್ಲಿ. ವಿಧಾನಸಭೆ ಚುನಾವಣೆ ಹತ್ತಿರವಿತ್ತು. ಒಂದು ಪಕ್ಷದ ಸ್ಥಳೀಯ ಮುಖಂಡ ಜಗದೇವಪ್ಪ ಒಂದೇ ದಿನ ಅರವತ್ಮೂರು ಆಕ್ಷೇಪಣೆ ಸಲ್ಲಿಸಿದ. ಈ ಅರವತ್ಮೂರು ಜನ ಸತ್ತಿದ್ದಾರೆ ಇಲ್ಲವೇ ಊರು ಬಿಟ್ಟಿದ್ದಾರೆ, ಹೆಸರು ತೆಗೆಯಿರಿ ಎಂಬುದು ಸಾರ. ಎಲ್ಲವೂ ಒಂದೇ ಕೈಬರಹ. ಎಲ್ಲರೂ ಎರಡೇ ಓಣಿಯವರು. ಆ ಓಣಿಗಳು ತನಗೆ ಮತ ಹಾಕುವುದಿಲ್ಲ ಎಂಬುದು ಆತನಿಗೆ ಗೊತ್ತಿತ್ತು.

"ಬಾಯಾರ, ಮನಿ ಮನಿ ಯಾಕ ತಿರಗ್ತೀರಿ? ಎಲ್ಲಾ ನಾನೇ ಬರದ ಕೊಟ್ಟೀನಲ್ಲ. ಸಹಿ ಮಾಡ್ರಿ, ಆತು" ಎಂದು ಆತ ಶಾಲೆಗೇ ಬಂದ.

"ನೀವು ಬರದೀರಿ. ನಾ ನೋಡಿಲ್ಲ. ನೋಡಿ ಬರ್ತೀನಿ" ಎಂದರು ಇವರು.

ಒಂಬತ್ತು ದಿನ ತಿರುಗಿದರು. ಅರವತ್ಮೂರರಲ್ಲಿ ಮೂವರು ನಿಜಕ್ಕೂ ತೀರಿಕೊಂಡಿದ್ದರು. ಇಬ್ಬರು ಸೊಲ್ಲಾಪುರದಲ್ಲಿ ನೆಲೆಸಿದ್ದರು. ಉಳಿದ ಐವತ್ತೆಂಟು ಜನ ರೊಟ್ಟಿ ಬಡಿಯುತ್ತ, ಎಮ್ಮೆ ಕರೆಯುತ್ತ, ಕಟ್ಟೆಯ ಮೇಲೆ ಬೀಡಿ ಸೇದುತ್ತ ಸಿಕ್ಕರು. ಎದುರು ಪಕ್ಷದವನೊಬ್ಬ, "ಸತ್ತ ಮೂವರು ನಮ್ಮವರು, ಹೆಸರು ಇರಲಿ ಬಿಡ್ರಿ" ಎಂದು ಅಂಗಲಾಚಿದ. ಆ ಮೂರೂ ಹೆಸರಿಗೆ ಅಂದೇ ಗೆರೆ ಬಿತ್ತು.

ಮಾತು ಕಲಬುರಗಿಯವರೆಗೂ ಹೋಯಿತು. ಪತಿ ಮುಕುಂದರಾಯರು ಆಗ ಕಪನೂರಿನ ಬೇಳೆ ಮಿಲ್ಲೊಂದರಲ್ಲಿ ಮೇಲ್ವಿಚಾರಕರು. ಮಾಲೀಕರು ಕರೆದು, ಹೆಂಡತಿಗೆ ಬುದ್ಧಿ ಹೇಳಿ ಎಂದರಂತೆ. ಸಂಜೆ ಮನೆಗೆ ಬಂದ ರಾಯರು ಕೈಕಾಲು ತೊಳೆದು ಮಣೆಯ ಮೇಲೆ ಕೂತರು. "ನಿನಗ ಹೇಳು ಅಂದಾರ. ಹೇಳೀನಿ. ಈಗ ಊಟಕ್ಕ ಬಡಸು" ಎಂದರು. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ.

ಆಕ್ಷೇಪಣೆಗಳ ವಿಚಾರಣೆ ನಿಗದಿಯಾದದ್ದು ಕಲಬುರಗಿಯ ತಹಶೀಲ್ದಾರರ ಕಚೇರಿಯಲ್ಲಿ. ಕೂಲಿ ಬಿಟ್ಟು ಅಷ್ಟು ದೂರ ಯಾರು ಬಂದಾರು, ಬಾರದವರ ಹೆಸರು ತಾನಾಗಿ ಹೋಗುತ್ತದೆ ಎಂಬುದು ಜಗದೇವಪ್ಪನ ಲೆಕ್ಕ. ತುಂಗಾಬಾಯಿ ಮನೆಮನೆಗೆ ನೋಟೀಸು ಮುಟ್ಟಿಸಿ, ಓದಿ ಹೇಳಿದರು. "ಬರ್ರಿ ಅಂತ ಕಾಗದ ಹೇಳ್ತದ. ಬರೂದು ಬಿಡೂದು ನಿಮ್ಮದು" ಎಂದಷ್ಟೇ ಅಂದರು.

ವಿಚಾರಣೆಯ ದಿನ ಬೆಳಿಗ್ಗೆ ಕಚೇರಿಯ ಅಂಗಳಕ್ಕೆ ಮೊದಲು ಬಂದವರು ತುಂಗಾಬಾಯಿಯೇ. ಹತ್ತೂವರೆಯಾದರೂ ಒಬ್ಬರ ಸುಳಿವಿಲ್ಲ. ಜಗದೇವಪ್ಪ ಬೇವಿನ ಗಿಡದ ಕೆಳಗೆ ನಿಂತು ನಗುತ್ತಿದ್ದ. ಹನ್ನೊಂದಕ್ಕೆ ಗೇಟಿನಲ್ಲಿ ಒಂದು ಟೆಂಪೊ ನಿಂತಿತು. ಅದರ ಹಿಂದೆ ಇನ್ನೊಂದು. ಬಸ್ಸಿಗೆ ಬಂದವರು ನಿಲ್ದಾಣದಿಂದ ಸಾಲಾಗಿ ನಡೆದು ಬಂದರು. ಬುತ್ತಿ ಕಟ್ಟಿಕೊಂಡು, ಕಂಕುಳಲ್ಲಿ ಕೂಸು ಇಟ್ಟುಕೊಂಡು, ಕೋಲೂರಿಕೊಂಡು ಐವತ್ನಾಲ್ಕು ಜನ 'ಸತ್ತವರು' ಅಂಗಳ ತುಂಬಿದರು. ಜ್ವರ, ಹೆರಿಗೆ ಎಂದು ಬರಲಾಗದ ನಾಲ್ವರು ಪಂಚರ ಸಹಿ ಮಾಡಿಸಿ ಕಾಗದ ಕಳಿಸಿದ್ದರು.

ಅಧಿಕಾರಿ ಒಂದೊಂದೇ ಹೆಸರು ಕೂಗಿದರು. "ಇದ್ದೀನ್ರಿ." "ಇದ್ದೀನ್ರಿ ಸಾಹೇಬ್ರ." ಒಂದರ ಹಿಂದೊಂದು ದನಿ. ಅಂಗಳದಲ್ಲಿ ಬೇರೆ ಕೆಲಸಕ್ಕೆ ಬಂದವರೂ ಮಾತು ನಿಲ್ಲಿಸಿದರು. ಎಂಬತ್ತರ ನೀಲಗಂಗಮ್ಮನ ಸರದಿ ಬಂದಾಗ ಆಕೆ ಕೋಲು ಕುಟ್ಟಿ, "ಸತ್ತೋರಿಗಿ ಒಂದು ಕುರ್ಚಿ ಸುದ್ದಾ ಇಟ್ಟಿಲ್ಲೇನ್ರಿ? ಕಾಲು ನೋಯಾಕತ್ತಾವ" ಎಂದಳು. ಅಧಿಕಾರಿ ಎದ್ದು ತಮ್ಮ ಕುರ್ಚಿಯನ್ನೇ ಆಕೆಯ ಕಡೆ ಸರಿಸಿದರು. ಉಳಿದ ಹೆಸರುಗಳನ್ನು ನಿಂತೇ ಓದಿದರು.

ಐವತ್ತೆಂಟೂ ಹೆಸರು ಪಟ್ಟಿಯಲ್ಲಿ ಉಳಿದವು. ಜಗದೇವಪ್ಪ ಯಾವಾಗ ಹೋದನೋ ಯಾರೂ ನೋಡಲಿಲ್ಲ. ಆ ಮತಗಳು ಯಾರಿಗೆ ಬಿದ್ದವು ಎಂದು ಕೇಳಿದರೆ ತುಂಗಾಬಾಯಿ ಅಡ್ಡಡ್ಡ ತಲೆಯಾಡಿಸುತ್ತಾರೆ. "ಅದನ್ನ ಕೇಳಿದ್ರ ನನ್ನ ಕೆಲಸ ಕೆಡ್ತದ."

ಮರುವರ್ಷ ಅವರಿಗೆ ಆಳಂದದಾಚೆ, ಮಹಾರಾಷ್ಟ್ರದ ಗಡಿಯ ಏಕೋಪಾಧ್ಯಾಯ ಶಾಲೆಗೆ ವರ್ಗವಾಯಿತು. ಯಾಕೆ ಎಂದು ಅವರು ಕೇಳಲಿಲ್ಲ, ಯಾರನ್ನೂ ದೂರುವುದೂ ಇಲ್ಲ. ಮೂರು ವರ್ಷ ಅಲ್ಲಿದ್ದರು. "ಅಲ್ಲಿನೂ ಪಟ್ಟಿ ಕೆಲಸ ನನಗೇ ಕೊಟ್ರು. ಮರಾಠಿ ಬರ್ತದಲ್ಲ, ಚೊಲೊ ಆತು" ಎಂದು ನಗುತ್ತಾರೆ. ತಿರುಗಿ ಕಮಲಾಪುರಕ್ಕೆ ಬಂದ ದಿನ ಶಾಲೆಯ ಬಾಗಿಲಿಗೆ ಯಾರೋ ಕೆಂಪು ಬಾಳೆಯ ಗೊನೆಯೊಂದನ್ನು ಒರಗಿಸಿ ಹೋಗಿದ್ದರು.

ಈಗ ಫೋಟೊ ಇರುವ ಗುರುತಿನ ಚೀಟಿ ಬಂದಿದೆ. ಕೆಲಸ ಹಗುರಾಗಿರಬೇಕಲ್ಲ?

"ಚೀಟಿ ಬಂದದ್ದು ಚೊಲೊನೇ ಆತ್ರಿ. ಒಬ್ಬರ ವೋಟು ಇನ್ನೊಬ್ಬರು ಹಾಕೂದು ಕಮ್ಮಿ ಆತು. ಆದರ ಚೀಟಿ ಬರೇ ಮುಖ ತೋರಸ್ತದ. ಪಟ್ಟಿಯಾಗ ಹೆಸರೇ ಇಲ್ಲಂದ್ರ ಮುಖ ತಗೊಂಡು ಏನ್ಮಾಡೂದು? ಅದಕ್ಕ ಬಾಗಲಾ ಬಡೀಲೇಬೇಕು."

ಬರುವ ಜನವರಿಗೆ ತುಂಗಾಬಾಯಿ ನಿವೃತ್ತರಾಗುತ್ತಾರೆ. ಮುಂದಿನ ವರ್ಷ ಮತ್ತೆ ಚುನಾವಣೆ. ಇಷ್ಟು ವರ್ಷ ಪ್ರತಿ ಮತದಾನದ ದಿನವೂ ಬೇರೆ ಯಾವುದೋ ಊರಿನ ಮತಗಟ್ಟೆಯಲ್ಲಿ ಅವರಿಗೆ ಡ್ಯೂಟಿ. ಕೆಲಸ, ಬಂದವರ ಹೆಸರು ಗಟ್ಟಿಯಾಗಿ ಓದುವುದು. ತಮ್ಮ ಮತವನ್ನು ಅಂಚೆಯಲ್ಲಿ ಕಳಿಸಿದ್ದಾರೆಯೇ ಹೊರತು ನೌಕರಿ ಸೇರಿದ ಮೇಲೆ ಸರತಿಯಲ್ಲಿ ನಿಂತು ಹಾಕಿದ್ದೇ ಇಲ್ಲ. ಆಸೆ ಏನಾದರೂ ಇದೆಯೇ ಎಂದರೆ ಅವರು ಪಟ್ಟಿ ಹಿಡಿದು ಮುಂದಿನ ಮನೆಯತ್ತ ನಡೆಯುತ್ತಾರೆ. ಸಂಜೆಯ ಕೊನೆಯ ಮನೆಯ ಚಿಲಕ ಬಡಿದು, ಒಳಗಿನಿಂದ ಹೆಜ್ಜೆ ಸಪ್ಪಳ ಕೇಳುವಷ್ಟರಲ್ಲಿ ಮೆಲ್ಲಗೆ ಹೇಳುತ್ತಾರೆ:

"ಮುಂದಿನ ಸಲ ನಮ್ಮ ಓಣಿ ಶಾಲಿಯಾಗ ವೋಟಿನ ಸರತಿಗಿ ನಿಂದರಬೇಕಂತ ಅದ್ರಿ. ಒಳಗ ಕುಂತವರು ಯಾರರ ನನ್ನ ಹೆಸರು ಜೋರಾಗಿ ಓದಬೇಕು. ನಾ 'ಹೂಂ, ನಾನೇ' ಅನ್ನಬೇಕು."