ಹೆಸರು ಕೇಳದೆ ಮಸಿ ಮುಟ್ಟದ ಬೆಖೋರ್ ತಾತ

ಜಾಫಾದ ದೋಣಿಕಟ್ಟೆಗೆ ರಾತ್ರಿಯ ಮೀನು ಬಂದು ಬೀಳುವ ಹೊತ್ತಿಗೆ ಬೆಖೋರ್ ಅಲ್ಹಾದೆಫ್ ಅಡುಗೆಮನೆಯ ಕಿಟಕಿಯ ಬಳಿ ಕೂತು ಜೊಂಡಿನ ಲೆಕ್ಕಣಿಕೆಯ ಮೊನೆ ಕೆತ್ತುತ್ತಿರುತ್ತಾರೆ. ಮೇಜಿನ ಮೇಲೆ ಮಸಿಯ ಸೀಸೆ, ಪಕ್ಕದಲ್ಲಿ ದಪ್ಪ ಕಾಗದ. ಹಿಂದಿನ ಸಂಜೆಯೇ ಮೊನೆ ಮಾಡಿಟ್ಟುಕೊಳ್ಳಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ರಾತ್ರಿಯೆಲ್ಲ ಯಾರ ಮನಸ್ಸು ಹೇಗೆ ತಿರುಗತ್ತೋ. ಬೆಳಗಾದ ಮೇಲೂ ಬೇರೆ ಆಗ್ತೀವಿ ಅಂದ್ರೆ ಆಗ ಕೆತ್ತೋದು."

ಹೆಂಡತಿ ಜಿಂಬುಲ್ ಬಿಸಿ ಬೊರೇಕಾ ಕಡುಬುಗಳ ತಟ್ಟೆಯನ್ನು ಕಾಗದಕ್ಕೆ ತಾಗದಂತೆ ಇಡುತ್ತಾರೆ. "ಊರಿನವರ ಗಂಟು ಬಿಚ್ಚೋದು ಇವರು. ಅಂಗಿ ತೋಳಿನ ಮಸಿ ತಿಕ್ಕೋಳು ಮಾತ್ರ ನಾನು," ಎನ್ನುತ್ತಾರೆ. ಬೆಖೋರ್ ತೋಳನ್ನು ಮಡಚಿಕೊಳ್ಳುತ್ತಾರೆ.

ಅವರು ಬರೆಯುವುದು ಬಿಡುಗಡೆ ಪತ್ರ. ಸಂಸಾರ ಮುರಿದ ಯಹೂದಿ ಗಂಡ ಧರ್ಮಗುರುಗಳಾದ ರಬ್ಬಿಗಳ ಎದುರು ಇದನ್ನು ಹೆಂಡತಿಯ ಕೈಗೆ ಹಾಕುವ ತನಕ ಅವಳು ಅವನ ಹೆಂಡತಿಯೇ. ಬೇರೆ ಮದುವೆಯ ಮಾತಿಲ್ಲ. ಅಚ್ಚು ಹಾಕಿದ್ದು ನಡೆಯುವುದಿಲ್ಲ. ಇನ್ನೊಬ್ಬಳಿಗೆ ಬರೆದದ್ದು, ಹೆಸರು ಒಂದೇ ಆಗಿದ್ದರೂ, ಇವಳಿಗೆ ಸಲ್ಲುವುದಿಲ್ಲ. ಹನ್ನೆರಡು ಸಾಲು, ಒಂದು ಕಡೆ ಕೈ ತಪ್ಪಿದರೆ ಹೊಸ ಕಾಗದ. ಇಜ್ಮೀರಿನಿಂದ ಬಂದ ತಗಡು ಕೆಲಸದವರ ಮಗ ಬೆಖೋರ್ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಮುದಿ ಲಿಪಿಕಾರರೊಬ್ಬರು ಕಟುಕನ ಅಂಗಡಿಯ ಬೋರ್ಡು ನೋಡಿ, "ಈ ಕೈಗೆ ಅವಸರ ಇಲ್ಲ" ಎಂದು ಕರೆದುಕೊಂಡು ಹೋದರಂತೆ. ಈಗ ಎಪ್ಪತ್ತು ದಾಟಿದೆ. ಚಳಿಗಾಲದಲ್ಲಿ ಬೆರಳು ಮಡಚುವುದಿಲ್ಲ. ಜಿಂಬುಲ್ ಬೆಚ್ಚಗಿನ ಎಣ್ಣೆ ಸವರಿ ಕಳಿಸುತ್ತಾರೆ.

ಈ ಪತ್ರದಲ್ಲಿ ಪಂಡಿತ, ಮಾನ್ಯ ಎಂಬ ಬಿರುದಿಗೆ ಜಾಗವಿಲ್ಲ. ಅವರವರ ಹೆಸರು, ತಂದೆಯ ಹೆಸರು, ಜನ ಕರೆಯುವ ಹೆಸರು, ಅಷ್ಟೇ. ಹುಟ್ಟಿನಿಂದ ಬಂದ ಲೇವಿ, ಕೊಹೇನ್ ಎಂಬ ಎರಡು ಕುಲದ ಹೆಸರು ಮಾತ್ರ ಉಳಿದುಕೊಳ್ಳುತ್ತವೆ. ಕೊಹೇನರು ಹಳೆಯ ದೇವಾಲಯದ ಅರ್ಚಕರ ವಂಶದವರು. ವಿಚ್ಛೇದನ ಆದವಳನ್ನು ಅವರು ಮದುವೆಯಾಗುವಂತಿಲ್ಲ. ತಾನೇ ಬಿಟ್ಟ ಹೆಂಡತಿಯನ್ನೂ ಮತ್ತೆ ಕಟ್ಟಿಕೊಳ್ಳುವಂತಿಲ್ಲ. "ಉಳಿದವರಿಗೆ ಸಿಟ್ಟು ಇಳಿದ ಮೇಲೆ ದಾರಿ ಇರತ್ತೆ. ಕೊಹೇನನಿಗೆ ಇಲ್ಲ. ಆ ಪದ ಬಂದಾಗ ನನ್ನ ಕೈ ತಾನಾಗೇ ನಿಧಾನ ಆಗತ್ತೆ," ಎನ್ನುತ್ತಾರೆ ಬೆಖೋರ್.

ಈ ಮಂಗಳವಾರ ರಬ್ಬಿಯ ಕಚೇರಿಯಲ್ಲಿ, ರಬ್ಬಿ ಮತ್ತು ಸಾಕ್ಷಿಗಳ ಜೊತೆ, ಅವರ ಮುಂದೆ ಕೂತಿರುವುದು ಅಂಥದೇ ಜೋಡಿ. ಲೂನಾ ಪರದೆ ಹೊಲಿಯುವ ಹೆಂಗಸು. ಗಂಡ ಯೊಮ್‌ತೊವ್ ಕೊಹೇನ್ ಲಾರಿ ಓಡಿಸುತ್ತಾನೆ. ಮೂರು ವರ್ಷದಿಂದ ಬೇರೆ ಇದ್ದರೂ ಪತ್ರ ಕೊಡಲು ಒಪ್ಪದವನು ಇಂದು ಬಂದಿದ್ದಾನೆ. ಕಾಲು ಕುಣಿಸುತ್ತ ಬಾಗಿಲ ಕಡೆಯೇ ನೋಡುತ್ತಿದ್ದಾನೆ. ಅವನು ಎದ್ದು ಹೋದರೆ ಮತ್ತೆ ಸಿಗಲಾರ ಎಂದು ಲೂನಾಳಿಗೆ ಗೊತ್ತು.

ಬೆಖೋರರದು ಒಂದು ರೂಢಿ. ಹೆಸರು ಕೇಳಿ ಬರೆದುಕೊಂಡ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಬೇರೇನೋ ಹುಡುಕುವವರಂತೆ ಬಂದವರ ಬೆನ್ನ ಹಿಂದೆ ಹೋಗಿ, ಮೆಲ್ಲಗೆ ಆ ಹೆಸರು ಹಿಡಿದು ಕರೆಯುತ್ತಾರೆ.

"ಲೂನಾ."

ಅವಳು ತಿರುಗುವುದಿಲ್ಲ. ಮತ್ತೊಮ್ಮೆ ಕರೆದ ಮೇಲೆ ಬೆಚ್ಚಿದಂತೆ ತಲೆ ಎತ್ತುತ್ತಾಳೆ. ಬೆಖೋರ್ ಬಂದು ಎದುರಿಗೆ ಕೂರುತ್ತಾರೆ.

"ಮನೇಲಿ ನಿನ್ನನ್ನ ಏನಂತ ಕರೀತಾರಮ್ಮ?"

"ಲೂನಾನೇ ತಾತ. ಗುರುತಿನ ಚೀಟೀಲೂ ಅದೇ ಇದೆ. ಬೇಗ ಬರೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲು ಹಾಗಿರಲಿ. ನೀನು ನಾಳೆ ಇನ್ನೊಬ್ಬನ ಕೈ ಹಿಡಿದಾಗ, ಈ ಪತ್ರದಲ್ಲಿರೋಳು ಇವಳಲ್ಲ ಅಂತ ಯಾರಾದ್ರೂ ಎದ್ದು ನಿಂತ್ರೆ? ಆಮೇಲೆ ಹುಟ್ಟೋ ಮಕ್ಕಳ ಗತಿ ಏನು?"

ಅವಳು ಸೆರಗಿನಂಥ ತಲೆವಸ್ತ್ರದ ತುದಿ ಹಿಂಡುತ್ತಾಳೆ. ಆಮೇಲೆ ಹೇಳುತ್ತಾಳೆ. ಎಳೆಯ ಕೂಸಾಗಿದ್ದಾಗ ಜ್ವರ ಬಿಡಲೇ ಇಲ್ಲ. ಅಜ್ಜಿ ಅವಳನ್ನು ಪಕ್ಕದ ಮನೆಯವಳಿಗೆ ಒಂದು ಕಾಸಿಗೆ ಮಾರಿದಳು. ಸಾವು ಹುಡುಕಿಕೊಂಡು ಬಂದರೆ ಆ ಮಗು ಈ ಮನೆಯಲ್ಲಿಲ್ಲ ಎನ್ನಬೇಕಲ್ಲ. ಅಂದಿನಿಂದ ಮನೆಯವರಿಗೆ ಅವಳು ಮೆರ್ಕಾದಾ, ಅಂದರೆ ಕೊಂಡು ತಂದ ಮಗು.

"ಆ ಹೆಸರನ್ನ ಯಾವ ಕಾಗದದ ಮೇಲೂ ಹಾಕಿಸಬೇಡ ಅಂದಿದ್ಲು ಅಜ್ಜಿ. ಸಾವಿಗೆ ಓದೋಕೆ ಬರತ್ತಂತೆ."

"ಬರಲಿ ಬಿಡು. ನನ್ನ ಅಕ್ಷರ ಓದೋಕೆ ರಬ್ಬಿಗಳೇ ಕನ್ನಡಕ ಹುಡುಕ್ತಾರೆ."

ಅವಳ ಮುಖ ಸ್ವಲ್ಪ ಸಡಿಲವಾಗುತ್ತದೆ. ಆದರೆ ಹೇಳಿದ್ದಷ್ಟೇ ಸಾಲದು. ಆ ಹೆಸರು ಬಳಕೆಯಲ್ಲಿದೆ ಎಂದು ಬೇರೆಯವರು ಹೇಳಬೇಕು. ಕೊಂಡುಕೊಂಡ ಪಕ್ಕದ ಮನೆಯವಳು ತೀರಿಕೊಂಡಿದ್ದಾಳೆ. ಅಜ್ಜಿಯೂ ಇಲ್ಲ. ಇರುವವನು ಯೊಮ್‌ತೊವ್ ಒಬ್ಬನೇ. ಗೊತ್ತಿಲ್ಲ ಎಂದು ಎದ್ದುಬಿಟ್ಟರೆ ಇವತ್ತಿನ ಕೆಲಸ ಇಲ್ಲಿಗೆ ನಿಂತಿತು. ರಬ್ಬಿ ಅವನ ಕಡೆ ತಿರುಗುತ್ತಾರೆ. "ನೀನು ಇವಳನ್ನ ಏನಂತ ಕರೀತಿದ್ದೆ?"

ಅವನ ಕಾಲು ಕುಣಿಯುವುದು ನಿಲ್ಲುತ್ತದೆ. ಕೈಯಲ್ಲಿನ ಕೀಲಿಗೊಂಚಲನ್ನೇ ನೋಡುತ್ತಾನೆ.

"ಮೆರ್ಕಾದಾ ಅಂತ. ಬೇರೆ ಹೆಸರಲ್ಲಿ ನಾನು ಯಾವತ್ತೂ ಕರೆದಿಲ್ಲ. ಜಗಳ ಆಡುವಾಗಲೂ."

ಬೆಖೋರ್ ಲೆಕ್ಕಣಿಕೆ, ಮಸಿ, ಕಾಗದವನ್ನು ಅವನಿಗೆ ದಾನವಾಗಿ ಕೊಡುತ್ತಾರೆ. ಅವು ಅವನವೇ ಆದ ಮೇಲೆ, ಇವಳಿಗಾಗಿ ಬರೆ ಎಂದು ಅವನೇ ಹಿಂದಕ್ಕೆ ಕೊಡಬೇಕು, ಪದ್ಧತಿ ಹಾಗೆ. ಅವನು ಅವನ್ನು ಎತ್ತಿ ಹಿಡಿದಾಗ ಬೆಖೋರ್ ಕೇಳುತ್ತಾರೆ: "ನೀನು ಕೊಹೇನ್. ಈ ಬಾಗಿಲು ಮುಚ್ಚಿದ್ರೆ ಮತ್ತೆ ತೆಗೆಯೋಕೆ ಬರಲ್ಲ. ಗೊತ್ತು ತಾನೆ ಮಗಾ?"

"ಗೊತ್ತು ತಾತ. ಅದಕ್ಕೇ ಇಷ್ಟು ವರ್ಷ ಬರಲಿಲ್ಲ," ಎಂದು ಅವನು ಮೂರನ್ನೂ ಹಿಂದಕ್ಕೆ ಕೊಡುತ್ತಾನೆ.

ಬರೆದು, ಸಾಕ್ಷಿಗಳ ಸಹಿ ಬಿದ್ದು, ಮಡಚಿದ ಪತ್ರ ಅವಳ ಬೊಗಸೆಗೆ ಬೀಳುವಷ್ಟರಲ್ಲಿ ಮಧ್ಯಾಹ್ನವಾಗಿದೆ. ಅದು ತನ್ನದಾಯಿತು ಎಂದು ತೋರಿಸಲು ಅವಳು ಅದನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲ ತನಕ ನಡೆದು ಬರುತ್ತಾಳೆ. ರಬ್ಬಿ ಓದಿಸಿ ನೋಡಿ ಅದನ್ನು ಹರಿಯುತ್ತಾರೆ. ಮುಂದೆ ಅದರ ಮೇಲೆ ಯಾರೂ ತಕರಾರು ಎತ್ತದಿರಲಿ ಎಂದು. ಬಿಡುಗಡೆಯಾದ ಸಂಗತಿ ಅವರ ದಾಖಲೆಯಲ್ಲಿ ಉಳಿಯುತ್ತದೆ. ಯೊಮ್‌ತೊವ್ ಅವಳ ಕಡೆ ನೋಡದೆ ಮೆಟ್ಟಿಲಿಳಿದು ಹೋಗುತ್ತಾನೆ. ಅವಳು ಬೆಖೋರರ ಮಸಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾಳೆ.

"ನೀವು ಕೇಳಿದ್ದಕ್ಕೆ ಆಯ್ತು ತಾತ. ಇಲ್ಲದಿದ್ರೆ ಜೀವಮಾನ ಹೆದರಿಕೊಂಡೇ ಇರ್ತಿದ್ದೆ."

"ಹೇಳಿದೋನು ಅವನು ಕಣಮ್ಮ. ಅವನಿಗೂ ಒಳ್ಳೇದಾಗಲಿ ಅನ್ನು."

ಅವಳು ಮೆಟ್ಟಿಲ ಕಡೆ ನೋಡುತ್ತ, "ಆಗಲಿ," ಎನ್ನುತ್ತಾಳೆ.

ದಾರಿಯಲ್ಲಿ ಬೆಖೋರರನ್ನು ಕಂಡರೆ ಕೆಲವು ಹೊಸ ಮದುಮಕ್ಕಳು ಪಕ್ಕಕ್ಕೆ ಸರಿಯುತ್ತಾರೆ. ಮದುವೆಯ ಒಪ್ಪಂದ ಬರೆಯಲು ಯಾರೂ ಅವರನ್ನು ಕರೆಯುವುದಿಲ್ಲ. ಬಿಡಿಸುವ ಕೈ ಕಟ್ಟಲು ಬೇಡವಂತೆ. ಮನೆಗೆ ಬಂದ ಮೇಲೆ ಬೇಸರವೇ ಎಂದು ಕೇಳಿದರೆ ನಗುತ್ತಾರೆ.

"ಬೇಸರ ಏನಿಲ್ಲ. ನಾನು ಬರೆದದ್ದೆಲ್ಲ ಹರಿದೇ ಹೋಗತ್ತೆ, ಹರಿದ್ರೇನೇ ಕೆಲಸ ಸರಿಯಾಯ್ತು ಅಂತ. ಆದ್ರೆ ಒಂದು ಆಸೆ ಇದೆ. ಆ ಹುಡುಗಿ ಮತ್ತೆ ಮದುವೆ ಆದ್ರೆ, ಅವಳ ಒಪ್ಪಂದ ನಾನೇ ಬರೀಬೇಕು. ಎರಡೂ ಹೆಸರು ಹಾಕಿ, ಅಂಚಿಗೆ ದಾಳಿಂಬೆ ಬರೆದು. ಅದನ್ನ ಯಾರೂ ಹರಿಯಲ್ಲ, ಗೋಡೆಗೆ ಹಾಕ್ತಾರೆ."

ಒಳಗಿನಿಂದ ಜಿಂಬುಲ್ ಕೂಗುತ್ತಾರೆ: "ದಾಳಿಂಬೆಗೆ ಕೆಂಪು ಬಣ್ಣ ಬೇಕಾಗತ್ತಲ್ಲ. ಆ ಅಂಗಿ ಒಗೆಯೋಳು ಯಾರು?"

"ಅದನ್ನ ನಾನೇ ಒಗೀತೀನಿ," ಎನ್ನುತ್ತಾರೆ ಬೆಖೋರ್.